ಗಡಿಗೆಪ್ಪ ತಂದ ಗುಂಡುಕಲ್ಲು

ದೇವದುರ್ಗದ ಸೀಮೆಯಲ್ಲಿ ಕಲ್ಲಿಗೇನು ಬರವೇ? ಆದರೂ ಕಲ್ಲು ಕಾಯಲು ಸಂಬಳದ ಆಳು ಬೇಕಾಯಿತು ನೋಡಿ! ಅಣು ವಿದ್ಯುತ್ ಸ್ಥಾವರದ ಕಸವನ್ನು ನೆಲದಾಳದಲ್ಲಿ ಹೂಳಲು ಇಲ್ಲಿನ ಬಂಡೆ ತಡೆದೀತೇ ಎಂದು ನೋಡಲು ಬಂದವರು, ಬೋರು ಕೊರೆದು, ಕಬ್ಬಿನ ಗಳದಂಥ ಕಲ್ಲಿನ ತುಂಡುಗಳನ್ನು ತೆಗೆದು ಶೆಡ್ಡಿನಲ್ಲಿ ಜೋಡಿಸಿಟ್ಟರು. ಕಾವಲಿಗೆ ಗಡಿಗೆಪ್ಪ ನಿಂತ. ಹೆಂಡತಿ ಸತ್ತು, ಒಬ್ಬಳೇ ಮಗಳು ಮಂಜುಳಾ ಮಾನ್ವಿಗೆ ಮದುವೆಯಾಗಿ ಹೋದ ಮೇಲೆ ಅವನಿಗೆ ಮನೆಯೂ ಒಂದೇ, ಶೆಡ್ಡೂ ಒಂದೇ.

ಕಸ ಇನ್ನೂ ಒಂದು ಚಮಚೆಯಷ್ಟೂ ಬಂದಿರಲಿಲ್ಲ. ಆದರೆ ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಕಲ್ಲಿನಲ್ಲೇ ವಿಷವಿದೆ ಎಂದು ಸುದ್ದಿ ಹಬ್ಬಿತು. ಕಟ್ಟೆಯ ಮೇಲೆ ಅವನು ಕೂತರೆ ಉಳಿದವರು ಎದ್ದು ಹೋಗುತ್ತಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಬೀಗರು ಮಂಜುಳಾಳನ್ನು ಕಳಿಸಲೇ ಇಲ್ಲ. ಬಾಣಂತನಕ್ಕೆಂದು ಸುಣ್ಣ ಬಳಿದ ಕೋಣೆಯಲ್ಲಿ ಗಡಿಗೆಪ್ಪ ಒಬ್ಬನೇ ಕೂತು ಅತ್ತ.

ಕಡೆಗೆ, ಬಂಡೆಯಲ್ಲಿ ಬಿರುಕಿದೆ ಎಂದು ಹೇಳಿ, ಬಂದವರು ಗಂಟುಮೂಟೆ ಕಟ್ಟಿದರು. ಬೇಡದ ತುಂಡುಗಳು ಉಳಿದವು. ಅದೇ ಹೊತ್ತಿಗೆ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕರೆ ಬಂತು. ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಕುಲಾವಿ ತೊಡಿಸಿ ತೊಟ್ಟಿಲಲ್ಲಿ ತೂಗುವುದು ಪದ್ಧತಿ. ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಲಕ್ಷ ವರ್ಷ ತಡೆಯುವ ಕಲ್ಲೆಂದು ದೊಡ್ಡವರೇ ಹುಡುಕಿಕೊಂಡು ಬಂದದ್ದು, ಇದಕ್ಕಿಂತ ಒಳ್ಳೆಯದು ಇನ್ಯಾವುದು? ಪಾಪ, ಹುಚ್ಚು ಜೀವ! ಒಂದು ತುಂಡನ್ನು ಉಜ್ಜಿ ನುಣುಪು ಮಾಡಿ, ಹೊಸ ಟವೆಲಿನಲ್ಲಿ ಸುತ್ತಿಕೊಂಡು ಮಾನ್ವಿಯ ಬಸ್ಸು ಹತ್ತಿದ.

ಟವೆಲು ಬಿಚ್ಚಿದ್ದೇ ತಡ, ಹೆಂಗಸರ ಹಾಡು ನಿಂತಿತು.

"ಬೀಗರ, ಇದೇನ್ ತಂದೀರಿ? ಅಲ್ಲಿದೇ ಕಲ್ಲೇನು?" ಮಂಜುಳಾಳ ಅತ್ತೆ ಆದೆಮ್ಮ ಕೇಳಿದಳು.

"ಹೌದ್ರೀ ಅಕ್ಕಾರ. ಬರೇ ಕಲ್ಲು. ಮುಟ್ಟಿ ನೋಡ್ರಿ."

ಯಾರೂ ಮುಟ್ಟಲಿಲ್ಲ. ಆದೆಮ್ಮ ಒಳ್ಳೆಯ ಹೆಂಗಸು, ಜಗಳ ತೆಗೆಯಲಿಲ್ಲ. ಕಲ್ಲನ್ನು ಬೀದಿಯಲ್ಲಿ ಇಟ್ಟು ಬರಲು ಅವನಿಗೇ ಹೇಳಿ, ಬಿಸಿನೀರು ಕಾಸಿ ಕೊಟ್ಟು ಸ್ನಾನ ಮಾಡಿಸಿದಳು, ಉಡಲು ಮಗನ ಬಟ್ಟೆ ಕೊಟ್ಟಳು. ಅಳಿಯನ ದೊಗಲೆ ಅಂಗಿಯಲ್ಲಿ ಗಡಿಗೆಪ್ಪ ಖುಷಿಯಿಂದಲೇ ಬಂದು ಕೂಸಿಗೆ ಕೈ ಚಾಚಿದ. ಬೀಗರದು ಬಿಡಿ, ಹೊರಗಿನವರು. ಮಗಳಿಗೆ ತನ್ನಪ್ಪ ಗೊತ್ತಿಲ್ಲವೇ?

ಮಂಜುಳಾ ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು.

"ಬ್ಯಾಡಪ್ಪಾ. ಅಲ್ಲಿಂದನ ನೋಡು. ಇನ್ನಾ ಸಣ್ಣ ಕೂಸು ಅದ."

ಅವಳ ಕಣ್ಣಲ್ಲಿ ನೀರಿತ್ತು. ತೋಳು ಮಾತ್ರ ಸಡಿಲಾಗಲಿಲ್ಲ.

ಗಡಿಗೆಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಹೌದವ್ವಾ, ಖರೇ ಅದ ನೀ ಹೇಳೂದು," ಎಂದು ಬಾಗಿಲ ಹತ್ತಿರ ಸರಿದು, ಅಲ್ಲಿಂದಲೇ ಕತ್ತು ಚಾಚಿ ನೋಡಿದ.

"ನಿಮ್ಮವ್ವನ ಮೂಗು ಬಂದದ."