ಎಲ್ಲ ತಪ್ಪೂ ಒಂದೇ ಸಲ

ದೋಹಾದ ಅಲ್ ಮನ್ಸೂರಾದಲ್ಲಿ ಒಂದು ಕ್ಲಿನಿಕ್ಕಿಗೆ ನಾವು ರೋಗಿಗಳ ನೋಂದಣಿಯ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಈ ವಾರ ಅದು ಸರಿಹೋಗದಿದ್ದರೆ ತೆಗೆದುಹಾಕುತ್ತೇವೆ ಎಂದು ಅಲ್ಲಿನ ಮ್ಯಾನೇಜರು ಫೋನ್ ಮಾಡಿದ್ದರಿಂದ, ನಾನೇ ಹೋಗಿ ರಿಸೆಪ್ಶನ್ನಿನಲ್ಲಿ ಕೂತೆ.

ರಿಸೆಪ್ಶನಿಸ್ಟ್ ಝುಬೈದಾ ಉಳ್ಳಾಲದವರು. ಜ್ವರದಲ್ಲಿ ನಡುಗುತ್ತಿದ್ದ ಒಬ್ಬರ ವಿವರ ತುಂಬಿ ಬಟನ್ ಒತ್ತಿದರು. ಫೋನ್ ನಂಬರ್ ತಪ್ಪು ಎಂದು ಬಂತು. ತಿದ್ದಿ ಒತ್ತಿದರೆ ಹುಟ್ಟಿದ ತಾರೀಕು ತಪ್ಪು. ಅದನ್ನೂ ತಿದ್ದಿದರೆ ಐಡಿ ನಂಬರ್ ತಪ್ಪು. ರೋಗಿ ಕೌಂಟರಿಗೆ ತಲೆ ಆನಿಸಿದರು.

"ಎಲ್ಲ ಒಟ್ಟಿಗೇ ಹೇಳಬಾರದಾ ಸರ್ ಇದಕ್ಕೆ?" ಎಂದರು ಝುಬೈದಾ.

"ಮೊದಲನೇ ತಪ್ಪು ಸಿಕ್ಕಿದ ಕೂಡಲೇ ಸರ್ವರ್ ಮುಂದಕ್ಕೆ ನೋಡೋದನ್ನ ನಿಲ್ಲಿಸಿಬಿಡುತ್ತೆ ಮೇಡಂ."

"ನಮ್ಮ ಡಾಕ್ಟರು ಹಾಗೆ ಮಾಡಿದ್ರೆ ಜನ ಬರ್ತಾರಾ?"

ಆಫೀಸಿಗೆ ಮರಳಿ, ಸರ್ವರ್ ಸ್ಕ್ರೀನಿಗೆ ಕಳಿಸುವ ಉತ್ತರವನ್ನೇ ಬದಲಿಸಿದೆ. ಇನ್ನು ಎಲ್ಲ ತಪ್ಪುಗಳೂ ಒಟ್ಟಿಗೆ ಬರುತ್ತವೆ, ಆಯಾ ಖಾನೆಯ ಕೆಳಗೆ, ಏನು ತಿದ್ದಬೇಕೆಂಬ ಸರಳ ಮಾತಿನಲ್ಲಿ.

ಮರುದಿನ ಮ್ಯಾನೇಜರು ಪರೀಕ್ಷೆಗೆಂದು ತಮ್ಮದೇ ವಿವರ ಟೈಪ್ ಮಾಡಿದರು. ಸ್ಕ್ರೀನಿನ ತುಂಬ ಕೆಂಪು ಸಾಲುಗಳು. ಅವರ ಮುಖ ಸಣ್ಣದಾಯಿತು. ಆಮೇಲೆ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ತಿದ್ದಿ, "ಖಲಾಸ್, ಆಯ್ತು, ಇದೇ ಇರಲಿ" ಎಂದು ಎದ್ದು ಹೋದರು.

ಝುಬೈದಾ ಮೆಲ್ಲಗೆ ಕೇಳಿದರು, "ಸರ್, ನಮ್ಮ ಮ್ಯಾನೇಜರಿಗೆ ಮಾತ್ರ ತಪ್ಪು ಒಂದೊಂದೇ ತೋರಿಸ್ಲಿಕ್ಕೆ ಆಗ್ತದಾ?"

ಖಂಡಿತ ಆಗುತ್ತದೆ. ನಮ್ಮ ಬಾಸ್‌ಗೆ ಅವರ ತಪ್ಪುಗಳನ್ನು ನಾವೆಲ್ಲ ಹಾಗೆಯೇ ತೋರಿಸುವುದು. ಅದಕ್ಕೆ ಕೋಡೂ ಬೇಕಾಗಿಲ್ಲ.