ನಂಜಪ್ಪನ ಅಂಗಡಿಯ ತಪಾಸಣೆ

ನಕ್ಸಲರನ್ನು ಹುಡುಕಿಕೊಂಡು ಪೊಲೀಸರು ನಮ್ಮ ಕಾಡಿನಲ್ಲಿ ಅಲೆಯುತ್ತಿದ್ದ ಕಾಲ. ತೃಶ್ಶಿಲೇರಿ ದೇವಸ್ಥಾನದಲ್ಲಿ ಕೈಮುಗಿದು ಬಂದು ನಂಜಪ್ಪನ ಚಹಾದಂಗಡಿಯಲ್ಲಿ ಕೂತಿದ್ದೆ. ಹೆಲ್ತ್ ಇನ್ಸ್‌ಪೆಕ್ಟರು ತಪಾಸಣೆಗೆ ಬಂದಿದ್ದರು. ತಪಾಸಣೆಯೆಂದರೆ, ವಡೆ ತಿಂದು ಚಹಾ ಕುಡಿದು ಇನ್ನೊಂದು ವಡೆಗೆ ಕೈ ಹಾಕಿದ್ದರು. ಎಂಜಲು ಗ್ಲಾಸುಗಳನ್ನೆಲ್ಲ ನಂಜಪ್ಪ ಅವರ ಕಣ್ಣೆದುರೇ ಒಂದು ಬಕೆಟ್ಟಿನ ಕೊಳಕು ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದ. ಅದು ಅವರಿಗೆ ಕಾಣಲಿಲ್ಲ.

ಆಗ ಕೂಲಿ ಮುಷ್ಕರದಲ್ಲಿದ್ದ ಅಡಿಯ ಬುಡಕಟ್ಟಿನ ಕರಿಯ ಬಂದು ನಮ್ಮ ಬೆಂಚಿನಲ್ಲೇ ಕೂತ. ಅವನ ಜನಕ್ಕೆ ಹೊರಗೆ ನಿಲ್ಲಿಸಿ ತೆಂಗಿನ ಚಿಪ್ಪಿನಲ್ಲಿ ಚಹಾ ಕೊಡುವುದು ಅಲ್ಲಿನ ರೂಢಿ.

"ನಂಜಪ್ಪಣ್ಣ, ಒಂದು ಚಾಯ. ಗ್ಲಾಸಲ್ಲಿ ಕೊಡು."

ನಂಜಪ್ಪನಿಗೆ ಕೊಡಲು ಮನಸ್ಸಿಲ್ಲ, ಇಲ್ಲವೆನ್ನಲು ಧೈರ್ಯವಿಲ್ಲ. ಇನ್ಸ್‌ಪೆಕ್ಟರು ಕುಡಿದಿಟ್ಟ ಗ್ಲಾಸು ಕೈಗೆತ್ತಿಕೊಂಡು ಅವರ ಮುಖ ನೋಡಿದ. ಅವರಿಗೆ ಥಟ್ಟನೆ ಜನರ ಆರೋಗ್ಯ ನೆನಪಾಯಿತು.

"ಕೊಡು. ಆದರೆ ಇವನು ಕುಡಿದ ಗ್ಲಾಸನ್ನು ಕುದಿಯೋ ನೀರಲ್ಲಿ ತೊಳೀಬೇಕು. ರೋಗಾಣು ಇರುತ್ತೆ. ತಪ್ಪಿದರೆ ಲೈಸೆನ್ಸ್ ಹೋಗುತ್ತೆ."

ಕರಿಯ ದನಿ ಏರಿಸಲಿಲ್ಲ. "ಆಗಲಿ ಸಾರೇ. ನಾನು ಕುಡಿಯೋಕೆ ಮುಂಚೆಯೂ ತೊಳೀಲಿ. ಈಗಷ್ಟೇ ಅದರಲ್ಲಿ ನೀವು ಕುಡಿದಿದ್ದೀರಿ."

ನಂಜಪ್ಪ ಕೆಟಲಿನ ಕುದಿನೀರು ಸುರಿದು ಗ್ಲಾಸು ತೊಳೆದ, ಚಹಾ ತುಂಬಿಸಿ ಕೊಟ್ಟ. ಕರಿಯ ಕೂತೇ ನಿಧಾನವಾಗಿ ಕುಡಿದ.

ಇನ್ಸ್‌ಪೆಕ್ಟರು ಬಾಯಿ ಒರೆಸಿಕೊಂಡು, ಅಂಗಡಿ ಶುಚಿಯಾಗಿದೆ ಎಂದು ಹೇಳಿ ಹೊರಟರು. ನಾನು ಮಿಂದು ಗಂಧ ಹಚ್ಚಿಕೊಂಡು ಬಂದವನು. ನನ್ನ ಕೈಯಲ್ಲಿದ್ದುದು ಬಕೆಟ್ಟಿನಲ್ಲಿ ಅದ್ದಿ ತೆಗೆದ ಗ್ಲಾಸು. ಶುಚಿಯೆಂದು ಸರ್ಕಾರವೇ ಹೇಳಿದ ಮೇಲೆ ಕುಡಿಯದಿರಲು ನಾನ್ಯಾರು?