ಕೊನೆಮನೆ ಇಲ್ಲದ ಊರು

ನಮ್ಮ ಗಣಿತದ ಮೇಷ್ಟ್ರ ಹಣೆಯ ಎಡಗಡೆ ಸದಾ ಒಂದು ಬಿಳಿಯ ಪಟ್ಟೆ ಇರುತ್ತಿತ್ತು. ಬೋರ್ಡನ್ನು ಅಂಗೈಯಲ್ಲಿ ಒರೆಸುವುದು, ಅದೇ ಕೈಯನ್ನು ಹಣೆಗೊತ್ತಿಕೊಂಡು ಯೋಚಿಸುವುದು ಅವರ ರೂಢಿ. ಕಾಲೇಜಿಗೆ ಹೊಸದಾಗಿ ಬಂದವರು ಇವರದು ಯಾವ ಮತ ಎಂದು ವಿಚಾರಿಸುತ್ತಿದ್ದರು. ಲೆಕ್ಕದ ಮತ, ಅನುಯಾಯಿ ಒಬ್ಬರೇ ಎಂದು ನಾವು ಗಂಭೀರವಾಗಿ ಉತ್ತರಿಸುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆಯಲ್ಲಿ, ಸಾಗರದಲ್ಲಿ ಅವರು ಪಾಠ ಹೇಳುತ್ತಿದ್ದ ಕಾಲೇಜಿಗೇ ನಾನೂ ಅಧ್ಯಾಪಕನಾಗಿ ಸೇರಿದೆ. ವಿದ್ಯಾರ್ಥಿಯಾಗಿದ್ದವನು ಸಹೋದ್ಯೋಗಿಯಾದದ್ದು ಅವರ ಗಮನಕ್ಕೆ ಬಂದಂತೆ ಕಾಣಲಿಲ್ಲ. "ಬಂದ್ಯಾ? ಕೂರು. ಮೊನ್ನೆ ಎಲ್ಲಿಗೆ ನಿಲ್ಸಿದ್ವಿ?" ಎಂದರು. ಮೊನ್ನೆ ಎಂದರೆ ನಾನು ಬಿ.ಎಸ್ಸಿ. ಮುಗಿಸಿದ ವರ್ಷ.

ಅವರ ಊರು ಹೊಸನಗರದ ಕಡೆಯದು. ದೂರದೂರಕ್ಕೆ ಹದಿನೇಳು ಒಂಟಿ ಮನೆ. ಮನೆಯಿಂದ ಮನೆಗೆ ಹೋಗಲು ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರದ ಸಂಕ. ಅಣೆಕಟ್ಟಿನ ಮುಳುಗಡೆಯಲ್ಲಿ ಊರು ನೀರಿನಡಿಗೆ ಹೋಯಿತು; ನಕ್ಷೆ ಮಾತ್ರ ಅವರ ತಲೆಯಲ್ಲಿ ಉಳಿಯಿತು. ಬಿಂದುಗಳನ್ನು ಗೆರೆಗಳಿಂದ ಸೇರಿಸಿದ ಚಿತ್ರಕ್ಕೆ ಗಣಿತದಲ್ಲಿ ಗ್ರಾಫ್ ಎನ್ನುತ್ತಾರೆ. ಇವರ ಬಾಯಲ್ಲಿ ಬಿಂದು ಎಂದರೆ ಮನೆ, ಗೆರೆ ಎಂದರೆ ಸಂಕ. ಒಂದೇ ಸಂಕವಿರುವ ಮನೆ, ಅದರಾಚೆ ಊರೇ ಇಲ್ಲದ್ದು, 'ಕೊನೆಮನೆ'. ಅವರ ಊರಿನ ಕೊನೆಮನೆ ಅವರದೇ.

ಇಂಥ ಪ್ರತಿಯೊಂದು ಚಿತ್ರಕ್ಕೂ ಲಾಪ್ಲಾಸಿಯನ್ ಎಂಬ ಒಂದು ಕೋಷ್ಟಕವಿದೆ; ಆ ಕೋಷ್ಟಕದಿಂದ ಐಗನ್ ಮೌಲ್ಯಗಳೆಂಬ ಕೆಲವು ಸಂಖ್ಯೆಗಳು ಹುಟ್ಟುತ್ತವೆ. ಚಿತ್ರದ ನಾಡಿಬಡಿತ ಎಂದುಕೊಂಡರೆ ಸಾಕು. ಅಷ್ಟನ್ನೂ ಕೂಡಿದರೆ ಸಂಕಗಳ ಎರಡರಷ್ಟಾಗುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಎರಡನ್ನೋ ಮೂರನ್ನೋ ಮಾತ್ರ ಕೂಡಿದರೆ ಮೊತ್ತ ಎಷ್ಟರೊಳಗೆ ನಿಲ್ಲುತ್ತದೆ? ಆರು ವರ್ಷ ಅವರು ಇದನ್ನೇ ಹಿಡಿದು ಕೂತಿದ್ದರು. ಕೊನೆಗೆ ಉತ್ತರ ಸಿಕ್ಕಿತು: ಸಂಕಗಳ ಸಂಖ್ಯೆಗೆ, ಕೂಡಿದ ಮೌಲ್ಯಗಳ ಸಂಖ್ಯೆಯ ಎರಡರಷ್ಟನ್ನು ಸೇರಿಸಿ ಒಂದು ಕಳೆಯಿರಿ, ಮೊತ್ತ ಅದನ್ನು ಮೀರುವುದಿಲ್ಲ. ಯಾವ ಗ್ರಾಫಿನಲ್ಲೂ.

ಅದು ಅವರ ನಿವೃತ್ತಿಯ ವರ್ಷ. ಧಾರವಾಡದ ಗೋಷ್ಠಿಯಲ್ಲಿ ಪ್ರಬಂಧ ಓದುವುದೆಂದು ಗೊತ್ತಾಯಿತು. ಜೀವಮಾನದಲ್ಲಿ ಅವರು ಬರೆದ ಪ್ರಬಂಧ ಅದೊಂದೇ. ನನ್ನ ಅಕ್ಷರ ಗುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಅದನ್ನು ನಕಲು ಮಾಡುವ ಕೆಲಸ ನನಗೆ ಬಂತು.

ಸಾಧನೆಯ, ಅಂದರೆ ರುಜುವಾತಿನ, ಮೊದಲ ಸಾಲೇ 'ಒಂದು ಕೊನೆಮನೆಯನ್ನು ತೆಗೆದುಕೊಳ್ಳಿ' ಎಂದಿತ್ತು. ಅಲ್ಲಿಂದ ಹೊರಟು ಒಂದೊಂದೇ ಮನೆಯಾಗಿ ಊರೊಳಕ್ಕೆ ಬರುವ ವಾದ. ಆಗ ನಾನಿದ್ದದ್ದು ಪೇಟೆಯ ಒಂದು ವಠಾರದಲ್ಲಿ, ಒಂದೇ ಅಂಗಳಕ್ಕೆ ತೆರೆದ ನಾಲ್ಕು ಮನೆ. ಯಾವ ಬಾಗಿಲಿಂದ ಯಾವ ಬಾಗಿಲಿಗೂ ನೇರ ನಡೆಯಬಹುದಿತ್ತು. ಸಾರಿನ ಪಾತ್ರೆ ಹಿಡಿದು ಎಲ್ಲರೂ ನಡೆಯುತ್ತಲೂ ಇದ್ದರು. ಇದರಲ್ಲಿ ಕೊನೆಮನೆ ಯಾವುದು? ಪೆನ್ನು ಕೆಳಗಿಟ್ಟು ಲೆಕ್ಕ ಹಾಕಿದೆ. ಮತ್ತೆ ಹಾಕಿದೆ. ಉತ್ತರ ಬದಲಾಗಲಿಲ್ಲ.

ಮರುದಿನ ಅವರ ಮನೆಗೆ ಹೋದೆ.

"ಸಾರ್, ಕೊನೆಮನೆನೇ ಇಲ್ದಿರೋ ಊರಿದ್ರೆ?"

"ಎಂತ ಮಾತು ಮಾರಾಯ! ಊರು ಅಂದ್ಮೇಲೆ ಎಲ್ಲೋ ಒಂದ್ಕಡೆ ಮುಗೀಬೇಕಲ್ಲ."

"ನಮ್ ವಠಾರ ಸಾರ್."

"ವಠಾರನೂ ಒಂದು ಊರೇನೋ?" ಎಂದು ನಕ್ಕರು. ನಗುತ್ತಲೇ ಗೋಡೆಯ ಬೋರ್ಡಿನ ಮೇಲೆ ನಾಲ್ಕು ಬಿಂದು ಇಟ್ಟು ಆರು ಗೆರೆ ಎಳೆದರು. ಆರನೆಯ ಗೆರೆಯ ಹೊತ್ತಿಗೆ ನಗು ನಿಂತಿತ್ತು. "ನಾಲ್ಕು, ನಾಲ್ಕು, ನಾಲ್ಕು, ಸೊನ್ನೆ. ದೊಡ್ಡವು ಮೂರು ಕೂಡಿದ್ರೆ ಹನ್ನೆರಡು." ಕೈಯನ್ನು ಹಣೆಗೊತ್ತಿಕೊಂಡು, "ನನ್ನ ಮಿತಿ ಎಷ್ಟು ಹೇಳ್ತದೆ?"

"ಆರಕ್ಕೆ ಆರು ಸೇರಿಸಿ ಒಂದು ಕಳೆದ್ರೆ... ಹನ್ನೊಂದು, ಸಾರ್."

ಒಳಗಿನಿಂದ ಅವರ ಹೆಂಡತಿ ಕೂಗಿದರು: "ಎಂತ ಆತು? ಕಾಪಿ ಆರ್ತಾ ಇದ್ದು!"

"ಎಂತೂ ಇಲ್ಲೆ," ಎಂದರು ಮೇಷ್ಟ್ರು. "ಒಂದು ಹೆಚ್ಚಾತು."

ಗೋಷ್ಠಿಗೆ ಹೋಗಲಾರರು ಎಂದುಕೊಂಡೆ. ಹೋದರು, ನನ್ನನ್ನೂ ಹೊರಡಿಸಿಕೊಂಡು. ಅವರಿಗೆ ಸಿಕ್ಕ ಇಪ್ಪತ್ತು ನಿಮಿಷದಲ್ಲಿ ಮೊದಲ ಹತ್ತು ಪ್ರಮೇಯವನ್ನು ವಿವರಿಸಿದರು. ಆಮೇಲೆ, "ಇದು ತಪ್ಪು. ಯಾಕೆ ಅಂತ ಇವರು ಹೇಳ್ತಾರೆ," ಎಂದು ನನ್ನನ್ನು ವೇದಿಕೆಗೆ ಕರೆದರು. ಇವರು! ಅವರ ಬಾಯಲ್ಲಿ ನನಗೆ ಬಹುವಚನ ಬಂದದ್ದು ಅದೇ ಮೊದಲು. ಬೋರ್ಡಿನ ಮೇಲೆ ವಠಾರ ಬರೆದೆ.

ಕೊನೆಗೆ ಹಿರಿಯ ಪ್ರಾಧ್ಯಾಪಕರೊಬ್ಬರು ಸಮಾಧಾನಕ್ಕೆಂದು, "ಬರೀ ಒಂದರಿಂದ ತಾನೇ ಕೆಟ್ಟದ್ದು, ಬಿಡಿ," ಎಂದರು.

ಮೇಷ್ಟ್ರು ಮೆಲ್ಲಗೆ ಹೇಳಿದರು: "ಮುಳುಗಡೆ ಗೆರೆಗಿಂತ ನಮ್ಮನೆ ಒಂದೇ ಮೆಟ್ಟಿಲು ಕೆಳಗಿತ್ತು ಸಾರ್. ಒಂದೇ ತಾನೇ ಅಂತ ನೀರು ಬಿಡ್ಲಿಲ್ಲ."



ಮರಳುವ ಬಸ್ಸು ಹಾವೇರಿ ದಾಟಿತು. ಆಮೇಲೆ ಟಿಕೇಟಿನ ಹಿಂಬದಿಯಲ್ಲಿ ಏನೋ ಗೀಚಿ ಕೊಟ್ಟರು. ಸುತ್ತಿ ಬರುವ ದಾರಿಯೇ ಇಲ್ಲದ, ಹಾಗಾಗಿ ಕೊನೆಮನೆ ಇದ್ದೇ ಇರುವ ಊರು, ಅಂದರೆ ಗಣಿತದವರು ಮರ ಎನ್ನುವ ಗ್ರಾಫು, ಅಲ್ಲಾದರೂ ಈ ಮಿತಿ ನಿಲ್ಲಬೇಕು. ಆದರೆ ಸಾಧನೆಯಲ್ಲಿ ಇನ್ನೂ ಒಂದು ಕಡೆ ಸಂದು ಉಳಿದಿದೆ. "ಅದನ್ನ ನೀನು ನೋಡು," ಎಂದರು. ಏಕವಚನಕ್ಕೆ ಮರಳಿದ್ದರಿಂದ ನನಗೆ ಉಸಿರು ಬಂತು.

ನಿವೃತ್ತಿಯ ನಂತರ ತೀರ್ಥಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು. ಕಾಯಿಲೆ ಬಲಿಯಿತು ಎಂದು ತಿಳಿದು ನೋಡಲು ಹೋದಾಗ ನನ್ನ ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕಿದ್ದೇ, "ಮರದ್ದು ಆಯ್ತನೋ?" ಎಂದರು.

ಮಗಳು ನನ್ನ ಮುಖ ನೋಡಿದಳು. ಆಯಿತು ಸಾರ್ ಎಂದುಬಿಟ್ಟರೆ ಸುಖವಾಗಿ ಕಣ್ಣು ಮುಚ್ಚುತ್ತಾರೆ ಎಂಬ ಆಸೆ ಆ ನೋಟದಲ್ಲಿತ್ತು. ನನ್ನ ನಾಲಗೆಯ ತುದಿಗೂ ಅದೇ ಬಂದಿತ್ತು. ಹನ್ನೊಂದನ್ನು ಹನ್ನೆರಡು ಎನ್ನದ ಮನುಷ್ಯನ ಎದುರು ಕೂತಿದ್ದೆ.

"ಇಲ್ಲ ಸಾರ್. ಇನ್ನೂ ಆಗಿಲ್ಲ."

"ಮತ್ತೆ ಇಲ್ಲೆಂತಕ್ಕೆ ಕೂತಿದ್ದೀಯ?" ಎಂದರು ಕಣ್ಣು ಮುಚ್ಚಿಕೊಂಡೇ. "ಎದ್ದು ಹೋಗು. ಕೆಲಸ ಮಾಡು."

ಆ ವಾರವೇ ತೀರಿಕೊಂಡರು. ಈಗ ಮೂರು ವರ್ಷವಾಯಿತು. ಕೆಲಸ ಮಾಡುತ್ತಿದ್ದೇನೆ. ಇನ್ನೂ ಆಗಿಲ್ಲ.